ದೇವರಿಗೆ ಗೊತ್ತುಂಟು

ಈ ಮಾರ್ಚಿನ ಒಂದು ಮಧ್ಯಾಹ್ನ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಊರಿನ ಕಡೆಗೆ ಹೊರಟಿದ್ದೆ. ದಾರಿಯಲ್ಲಿ ಒಬ್ಬ ಹೆಂಗಸು ಗೇರುಹಣ್ಣು ತುಂಬಿದ ಬಕೆಟ್ ಹಿಡಿದುಕೊಂಡು ಹತ್ತಿದಳು. ಅದನ್ನು ನನ್ನ ಕಾಲಬುಡದಲ್ಲಿಟ್ಟು, "ಸ್ವಲ್ಪ ನೋಡ್ಕೊಳ್ಳಿ ಆಯ್ತಾ, ಮಗುಚಿದ್ರೆ ನಿಮ್ಮ ಸೀರೆಗೇ ಕಲೆ" ಎಂದು ಎಚ್ಚರಿಸಿ ಹಿಂದಿನ ಸೀಟಿಗೆ ಹೋದಳು. ಬೀಜ ತೆಗೆದ ಹಣ್ಣುಗಳು ಬಿಸಿಲಿಗೆ ಆಗಲೇ ಹುಳಿಯತೊಡಗಿದ್ದವು. ಅರ್ಧ ಸಿಹಿ, ಅರ್ಧ ಒಗರು, ಗಂಟಲಿನ ಹಿಂಭಾಗವನ್ನು ಕೆರೆಯುವ ಆ ವಾಸನೆ ಕಿಟಕಿಯ ಗಾಳಿಗೆ ಮೇಲೆದ್ದು ಬಂದಾಗ ನನಗೆ ಪ್ರಾರ್ಥನೆ ನೆನಪಾಯಿತು.

ಇದರಲ್ಲಿ ವಿಚಿತ್ರವೇನೂ ಇಲ್ಲ. ವಾಮದಪದವಿನ ಆಚೆಗಿರುವ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಲೆಂಟ್ ಮತ್ತು ಗೇರು ಒಟ್ಟಿಗೇ ಬರುತ್ತವೆ. ಈಸ್ಟರಿಗೆ ಮುಂಚಿನ ಆ ನಲವತ್ತು ದಿನಗಳಲ್ಲಿ ಸಂಜೆಯ ಪ್ರಾರ್ಥನಾ ಕೂಟ ಮನೆಯಿಂದ ಮನೆಗೆ ಸಾಗುತ್ತದೆ. ಹೋಗುವ ಕಾಲುದಾರಿಯಲ್ಲಿ ಉದುರಿದ ಹಣ್ಣುಗಳನ್ನು ಮೆಟ್ಟಿಕೊಂಡೇ ಹೋಗಬೇಕು. ಯಾರ ಮನೆಯ ಜಗಲಿಯಲ್ಲಿ ಚಪ್ಪಲಿ ಬಿಟ್ಟರೂ ಆ ವಾಸನೆ ನಮಗಿಂತ ಮುಂಚೆ ಒಳಗೆ ಹೋಗಿ ಕುಳಿತಿರುತ್ತದೆ. ಸುಗಂಧಿಯಕ್ಕನಿಗೆ ರೋಗವಿದೆ ಎಂದು ಇಡೀ ಸಭೆ ಮೊಣಕಾಲೂರಿದ ವರ್ಷವೂ ಹಾಗೆಯೇ ಇತ್ತು.

ಆ ವರ್ಷ ನಾನು ಮೂಡಬಿದಿರೆಯಲ್ಲಿ ಪದವಿ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತ ಮನೆಯಲ್ಲಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನಾನು ಎರಡು ಸಂಗತಿಗಳನ್ನು ಹೊತ್ತು ತಂದಿದ್ದೆ. ಯಾವ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತನಾಡಬಲ್ಲೆ ಎಂಬ ಹೆಮ್ಮೆ ಒಂದು. ಯಾವ ಕೆಟ್ಟ ಪದ್ಧತಿಯೂ ಒಳ್ಳೆಯ ವಾದದ ಎದುರು ಒಂದು ವಾರಕ್ಕಿಂತ ಹೆಚ್ಚು ನಿಲ್ಲಲಾರದು ಎಂಬ ನಂಬಿಕೆ ಇನ್ನೊಂದು. ಎರಡನೆಯದನ್ನು ನಾನು ಈಗಲೂ ಬಿಟ್ಟಿಲ್ಲ. ವಾರದ ಅಳತೆ ಮಾತ್ರ ಬದಲಾಗಿದೆ. ಮಾತು ಬರುವ ಹುಡುಗಿ ಎಂದು ಯುವಜನ ಸಂಘದವರು ನನ್ನನ್ನು ಕಾರ್ಯದರ್ಶಿ ಮಾಡಿದರು. ಯಾವ ಸಂಜೆ ಯಾರ ಮನೆಯಲ್ಲಿ ಕೂಟ ಎಂದು ಗೊತ್ತುಮಾಡುವ ಹೊಣೆ ನನ್ನದಾಯಿತು.

ಕೂಟ ನಡೆಸುತ್ತಿದ್ದವರು ಸಭೆಯ ಹಿರಿಯರಾದ ಸಾಮುವೇಲ್ ಮಾಸ್ಟ್ರು. ನಿವೃತ್ತ ಶಾಲಾಮಾಸ್ತರರು, ನಮ್ಮಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಕೀರ್ತನೆ ಹಾಡಿ, ವಾಕ್ಯ ಓದಿ, ಆದಮೇಲೆ ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದರು: "ಪ್ರಾರ್ಥನೆಗೆ ವಿಷಯಗಳು ಉಂಟಾ?" ಆಗ ಒಬ್ಬರು ದೇಶವನ್ನು ಆಳುವವರಿಗಾಗಿ ಎನ್ನುವರು, ಇನ್ನೊಬ್ಬರು ಮಳೆಬೆಳೆಗಾಗಿ, ಮತ್ತೊಬ್ಬರು ಮಿಷನರಿಗಳಿಗಾಗಿ. ತಮ್ಮದೇ ಕಷ್ಟವಿದ್ದವರು ತಲೆ ತಗ್ಗಿಸಿ, "ನಂದೊಂದು ವಿಷಯ ಉಂಟು ಮಾಸ್ಟ್ರೇ, ದೇವರಿಗೆ ಗೊತ್ತುಂಟು" ಎಂದಷ್ಟೇ ಹೇಳುವರು. ಅದಕ್ಕಿಂತ ಹೆಚ್ಚು ಹೇಳುವ ಪದ್ಧತಿ ಇರಲಿಲ್ಲ. ಬಳಿಕ ಮಾಸ್ಟ್ರು ಎಲ್ಲರ ಪರವಾಗಿ ದೀರ್ಘವಾದ, ಎಲ್ಲಿಯೂ ತಡವರಿಸದ ಪ್ರಾರ್ಥನೆ ಮಾಡುವರು. ಮನೆಯಲ್ಲಿ ನಾವೆಲ್ಲ ತುಳು ಮಾತನಾಡುವವರು. ಜಗಳ, ಪ್ರೀತಿ, ದನ ಕರೆಯುವುದು ಎಲ್ಲವೂ ತುಳುವಿನಲ್ಲಿ. ದೇವರ ಎದುರು ಮಾತ್ರ ಪಾಠಪುಸ್ತಕದ ಕನ್ನಡದಲ್ಲಿ ನಿಲ್ಲುತ್ತಿದ್ದೆವು, ಇನ್ಸ್‌ಪೆಕ್ಟರರು ಬಂದ ದಿನ ತರಗತಿಯಲ್ಲಿ ನಿಂತಂತೆ.

ಲೆಂಟಿನ ಮೊದಲ ಕೂಟ ವಿಕ್ಟರಣ್ಣನ ಮನೆಯಲ್ಲಿ. ಅವರ ತಂಗಿಯೇ ಸುಗಂಧಿಯಕ್ಕ. ನಲವತ್ತರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ. ತಾಯಿ ಹಾಸಿಗೆ ಹಿಡಿದ ವರ್ಷಗಳಲ್ಲಿ ಅವರನ್ನು ನೋಡಿಕೊಂಡರು, ತಾಯಿ ತೀರಿಕೊಂಡ ಮೇಲೆ ಅಣ್ಣನ ಮಕ್ಕಳನ್ನು ನೋಡಿಕೊಂಡರು. ವಾಮದಪದವಿನ ಪೇಟೆಯಲ್ಲಿ ಅವರದೊಂದು ಟೈಲರಿಂಗ್ ಅಂಗಡಿ. ಸಭೆಯಲ್ಲಿ ಯಾರಿಗೆ ಕಷ್ಟ ಬಂದರೂ ಉಪವಾಸವಿದ್ದು ಪ್ರಾರ್ಥಿಸುತ್ತಿದ್ದವರು ಅವರು. ಅಂಥವರು ಆ ಸಂಜೆ, ಮಾಸ್ಟ್ರು ಕನ್ನಡಕ ತೆಗೆದ ಮೇಲೆ, ಮೊತ್ತಮೊದಲ ಬಾರಿಗೆ ತಮ್ಮ ಹೆಸರಿನಲ್ಲಿ ಬಾಯಿ ತೆರೆದರು.

"ಮಾಸ್ಟ್ರೇ, ಈ ಸಲ ನಂದೊಂದು ವಿಷಯ ಉಂಟು. ದೇವರಿಗೆ ಗೊತ್ತುಂಟು."

ಕೋಣೆಯಲ್ಲಿ ಎಲ್ಲರೂ ಒಮ್ಮೆ ಅವರತ್ತ ನೋಡಿದರು. ಮಾಸ್ಟ್ರು ಕಣ್ಣು ಮುಚ್ಚಿ, ದೇಶ, ಮಳೆ, ಮಿಷನರಿಗಳನ್ನೆಲ್ಲ ದಾಟಿ ಬಂದು ಹೇಳಿದರು: "ಕರ್ತನೇ, ನಿನ್ನ ದಾಸಿಯಾದ ಸುಗಂಧಿಯ ಶರೀರವನ್ನು ಮುಟ್ಟು. ವೈದ್ಯರ ಕೈಗಳನ್ನು ನಡೆಸು."

ಸುಗಂಧಿಯಕ್ಕ ಹಿಂದಿನ ವಾರ ಅಣ್ಣನ ಮಗಳಿಗೆ ಜ್ವರವೆಂದು ಬೆಳ್ತಂಗಡಿಯ ಆಸ್ಪತ್ರೆಗೆ ಹೋಗಿದ್ದನ್ನು ಮಾಸ್ಟ್ರು ಬಸ್ಸಿನಿಂದ ಕಂಡಿದ್ದರು. ಅಷ್ಟೇ ಆಧಾರ. ಆದರೆ ಆ ಆಧಾರ ಇಲ್ಲದಿದ್ದರೂ ನಾವೆಲ್ಲ ಅಲ್ಲಿಗೇ ತಲುಪುತ್ತಿದ್ದೆವು ಎಂದು ನನಗೆ ಅನ್ನಿಸುತ್ತದೆ. ಆ ವಯಸ್ಸಿನ, ಮದುವೆಯಿಲ್ಲದ, ಎಲ್ಲರಿಗಾಗಿ ಬದುಕುವ ಹೆಂಗಸಿಗೆ ತನ್ನದೇ ಆದ ಬೇಡಿಕೆಯೊಂದು ಇದ್ದರೆ ಅದು ರೋಗವಲ್ಲದೆ ಬೇರೇನು ಇರಬಹುದು ಎಂದು ಕಲ್ಪಿಸುವ ಶಕ್ತಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಅವಲಕ್ಕಿ, ಕಾಫಿಯ ಹೊತ್ತಿಗೆ ಹೆಂಗಸರು ಅವರ ಸುತ್ತ ಸೇರಿದರು. "ಎಂತ ಆಯ್ತು ಸುಗಂಧಿ? ಹೊಟ್ಟೆಯದ್ದಾ?" "ಛೆ, ಹಾಗೆಲ್ಲ ಕೇಳ್ಬೇಡ ಮಾರಾಯ್ತಿ, ಹೇಳ್ಲಿಕ್ಕಾಗದ್ದು ಇರ್ತದೆ." ಸುಗಂಧಿಯಕ್ಕ "ಅಂಥದ್ದೇನಿಲ್ಲ, ಅಂಥದ್ದೇನಿಲ್ಲ" ಎನ್ನುತ್ತಲೇ ಇದ್ದರು. ರೋಗವಿದ್ದವರು ಹೇಳುವುದೂ ಅದನ್ನೇ. ಮರುದಿನ ಬೆಳಿಗ್ಗೆ ಸಭೆಯ ವಾಟ್ಸಾಪ್ ಗುಂಪಿನಲ್ಲಿ, "ಸಹೋದರಿ ಸುಗಂಧಿಯವರ ಆರೋಗ್ಯಕ್ಕಾಗಿ ಪ್ರಾರ್ಥಿಸಿರಿ" ಎಂಬ ಸಂದೇಶದ ಕೆಳಗೆ ಕೈಮುಗಿದ ಚಿತ್ರಗಳ ಸಾಲು ಬೆಳೆಯತೊಡಗಿತು.

ಮುಂದಿನ ಕೂಟಗಳಲ್ಲಿ ರೋಗವೂ ಬೆಳೆಯಿತು. ಮಾಸ್ಟ್ರ ಪ್ರಾರ್ಥನೆಯಲ್ಲಿ 'ಅಸ್ವಸ್ಥತೆ' ಇದ್ದದ್ದು 'ಕಠಿಣ ವ್ಯಾಧಿ' ಆಯಿತು. ವಿಕ್ಟರಣ್ಣನ ಮನೆಗೆ ಹಾರ್ಲಿಕ್ಸ್ ಬಾಟ್ಲಿಗಳೂ ಎಳನೀರಿನ ಬೊಂಡಗಳೂ ಬಂದವು. ಪೇಟೆಯ ಹತ್ತಿರದ ಜೈನರ ದೊಡ್ಡ ಮನೆಯ ಪದ್ಮಮ್ಮ, ಅಕ್ಕನ ಹಳೆಯ ಗಿರಾಕಿ, ಮಗಳ ಮದುವೆಯ ರವಿಕೆಗಳನ್ನೆಲ್ಲ ವಾಪಸು ತರಿಸಿಕೊಂಡು ಬೇರೆ ಕಡೆ ಕೊಟ್ಟರು. ಪಾಪ, ಅವಳು ವಿಶ್ರಾಂತಿ ತೆಗೆದುಕೊಳ್ಳಲಿ ಎಂಬ ಕನಿಕರದಿಂದ.

ಲೆಂಟಿನ ಮೂರನೆಯ ವಾರ ನಾನು ಈಸ್ಟರಿನ ಚೂಡಿದಾರದ ಬಟ್ಟೆ ಹಿಡಿದುಕೊಂಡು ಅವರ ಅಂಗಡಿಗೆ ಹೋದೆ. ತಗಡಿನ ಮಾಡು ಕಾದು ಒಳಗೆ ಕುದಿಯುವ ಸೆಕೆ. ಅಕ್ಕ ಸುಮ್ಮನೆ ಕುಳಿತಿದ್ದರು. ಮೆಷಿನ್ನಿನ ಮೇಲೆ ಬಟ್ಟೆ ಇರಲಿಲ್ಲ.

"ನೀನಾದ್ರೂ ಬಂದೆಯಲ್ಲ," ಎಂದರು. "ಎಲ್ಲರೂ ಬಟ್ಟೆ ತರುವ ಬದ್ಲು ಬೊಂಡ ತರ್ತಾ ಇದ್ದಾರೆ. ಕುಡಿದು ಕುಡಿದು ಇನ್ನು ನಿಜವಾಗಿ ಎಂತಾದ್ರೂ ಬರುವುದೇ."

"ನಿಜವಾಗಿ ಅಂದ್ರೆ? ನಿಮಗೆ ಹುಷಾರಿಲ್ಲ ಅಂತ..."

"ನನಗೆಂತ ರೋಗ ಮಾರಾಯ್ತಿ? ಕಲ್ಲಿನ ಹಾಗೆ ಇದ್ದೇನೆ."

"ಹಾಗಾದ್ರೆ ಹೇಳ್ಬಹುದಿತ್ತಲ್ಲ ಅಕ್ಕ, ಅಲ್ಲ ಅಂತ!"

ಅವರು ಟೇಪನ್ನು ಬೆರಳಿಗೆ ಸುತ್ತುತ್ತ ನನ್ನನ್ನು ನೋಡಿದರು. "ಅಲ್ಲ ಅಂದ್ರೆ ಮತ್ತೆಂತ ಅಂತ ಕೇಳ್ತಾರೆ. ಆಗ ಎಂತ ಹೇಳುವುದು?"

ಆಮೇಲೆ ನಿಧಾನವಾಗಿ ಹೇಳಿದರು. ಮೂಡಬಿದಿರೆಯಲ್ಲಿ ಡೇನಿಯಲ್ ಎಂಬವರಿದ್ದರು. ಗ್ಯಾರೇಜಿನಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆದು ಹೆಸರು ಬರೆಯುವ ಕೆಲಸ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅವರ ಅಕ್ಕ ರವಿಕೆ ಹೊಲಿಸಲು ಬರುತ್ತಿದ್ದವರು ಕ್ರಿಸ್ಮಸ್ಸಿನ ಹೊತ್ತಿಗೆ, "ನಿನಗೆ ಮನಸ್ಸುಂಟಾ? ಈಸ್ಟರ್ ಕಳೆದು ನಿಮ್ಮ ಮನೆಗೆ ಬರ್ತೇವೆ" ಎಂದು ಮೆಲ್ಲಗೆ ಕೇಳಿದ್ದರು. ಆ ಡೇನಿಯಲ್ ಒಂದೆರಡು ಸಲ ತಮ್ಮ ಅಕ್ಕನನ್ನು ಕರೆದೊಯ್ಯಲು ಬಂದಾಗ ಅಂಗಡಿಯ ಹೊರಗೆ ನಿಂತು, ಬೋರ್ಡಿನ ಮಾಸಿದ ಅಕ್ಷರಗಳನ್ನು ನೋಡಿ, "ಇದನ್ನು ನಾನೊಂದಿನ ಚೆಂದ ಮಾಡಿ ಬರೆದುಕೊಡ್ತೇನೆ" ಎಂದಿದ್ದರಂತೆ.

"ಅಷ್ಟೇ ಮಾತು," ಎಂದರು ಸುಗಂಧಿಯಕ್ಕ. "ಆದರೆ ನನಗೆ ಬೇಕು ಅಂತ ಆಯ್ತು ಶೀಲಾ. ಅಣ್ಣನ ಮನೆಯಲ್ಲಿ ನನಗೆಂತ ಕಡಿಮೆ ಇಲ್ಲ. ಆದರೆ ಸಂಜೆ ಬಾಗಿಲು ತೆಗೆಯುವಾಗ ಅದು ನನ್ನ ಬಾಗಿಲಾಗಿರ್ಬೇಕು ಅಂತ. ನನಗಾಗಿ ಕಾಯುವವರು ಒಬ್ಬರು ಬೇಕು ಅಂತ. ದೇವರ ಹತ್ರ ಅದನ್ನೇ ಕೇಳಿದೆ."

"ಕೇಳಿದ್ದು ಸರಿಯೇ ಅಲ್ವಾ?"

"ಸರಿ. ಈಗ ಆ ಅಕ್ಕನ ಫೋನ್ ಬಂತು. 'ನಿನಗೆ ದೊಡ್ಡ ಕಾಯಿಲೆ ಅಂತ ಕೇಳಿದೆವು. ಒಂದು ಹೆಂಡತಿಯನ್ನು ಮಣ್ಣು ಮಾಡಿದವನು ನನ್ನ ತಮ್ಮ, ಇನ್ನೊಂದು ಸಲ ಅವನಿಂದ ಆಗ್ಲಿಕ್ಕಿಲ್ಲ. ಸದ್ಯ ನಿಲ್ಲಿಸುವ' ಅಂತ." ಅವರು ನಗಲು ಯತ್ನಿಸಿದರು. "ನಾನು ಕೇಳಿದ್ದನ್ನು ಇಡೀ ಸಭೆ ಸೇರಿ ಪ್ರಾರ್ಥನೆ ಮಾಡಿ ತಪ್ಪಿಸಿತು ನೋಡು."

"ಫೋನಲ್ಲಿ ರೋಗ ಇಲ್ಲ ಅಂತ ಹೇಳ್ಲಿಲ್ವಾ?"

"ಹೇಳಿದೆ. 'ಸುಮ್ಮನೆ ಸಭೆಯವರೆಲ್ಲ ಪ್ರಾರ್ಥನೆ ಮಾಡ್ತಾರಾ?' ಅಂತ ಕೇಳಿದ್ರು."

ನನಗೆ ಸಿಟ್ಟು ಬಂತು. ಬರಬೇಕಾದ ಸಿಟ್ಟು. "ಮುಂದಿನ ಕೂಟದಲ್ಲಿ ಬಾಯಿಬಿಟ್ಟು ಹೇಳಿ ಅಕ್ಕ. ಇಂಥದ್ದಕ್ಕಾಗಿ ಪ್ರಾರ್ಥಿಸಿ ಅಂತ."

"ನನಗೆ ಗಂಡ ಬೇಕು ಅಂತ, ಅವಲಕ್ಕಿ ತಿನ್ನುವವರ ಎದುರು? ಈ ವಯಸ್ಸಿಗೆ? ನಿನಗೆ ಮಂಡೆ ಸಮ ಉಂಟಾ? ನೋಡು, ಇದನ್ನು ಯಾರಿಗೂ ಹೇಳ್ಲಿಕ್ಕಿಲ್ಲ. ಆಣೆ."

ನಾನು ಮಾತು ಕೊಟ್ಟೆ. ಹಾಗೆ ಮಾತು ಕೊಟ್ಟ ಕ್ಷಣದಲ್ಲಿ ಅವರು ಸಿಕ್ಕಿಕೊಂಡ ಬೋನಿನಲ್ಲಿ ನಾನೂ ಸೇರಿದ್ದೆ: ರೋಗವಿಲ್ಲವೆಂದು ಗೊತ್ತು, ಆದರೆ ಹೇಳುವಂತಿಲ್ಲ. ಉಳಿದದ್ದು ಒಂದೇ ದಾರಿ. ಪದ್ಧತಿಯನ್ನೇ ಬದಲಿಸಬೇಕು.

ಮರುದಿನ ಬೆಳಿಗ್ಗೆ ಮಾಸ್ಟ್ರ ಮನೆಗೆ ಹೋದೆ. ಅವರು ಅಂಗಳದಲ್ಲಿ ಗೇರುಬೀಜ ಹರವುತ್ತಿದ್ದರು. ನಾನು ಬಿಸಿಲಿನಲ್ಲಿ ನಿಂತುಕೊಂಡೇ ನನ್ನ ವಾದವನ್ನು ಮಂಡಿಸಿದೆ. ಕೂಟದಲ್ಲಿ ಪ್ರತಿಯೊಬ್ಬರೂ ತಮ್ಮ ಬೇಡಿಕೆಯನ್ನು ತಮ್ಮ ಬಾಯಿಂದಲೇ, ಸ್ಪಷ್ಟವಾಗಿ ಹೇಳುವಂತಾಗಬೇಕು. ತನಗಾಗಿ ಆಶೀರ್ವಾದ ಬೇಡುವುದು ಸ್ವಾರ್ಥವಲ್ಲ. ದೇವರನ್ನು ತಂದೆ ಎಂದು ಕರೆದ ಮೇಲೆ ಮಗುವಿನಂತೆ ಕೇಳಲು ನಾಚುವುದು ಆ ಹೆಸರಿಗೇ ಅವಮಾನ. ಇಡೀ ದೇಶಕ್ಕಾಗಿ ಪ್ರಾರ್ಥಿಸುವುದು ಸುಲಭ, ಏಕೆಂದರೆ ಅದರಲ್ಲಿ ನಾವು ಯಾರೂ ಬರಿಗೈ ತೋರಿಸಬೇಕಾಗಿಲ್ಲ.

ಮಾಸ್ಟ್ರು ಕೊನೆಯವರೆಗೂ ಕೇಳಿದರು. "ಚೆನ್ನಾಗಿ ಹೇಳಿದೆ ಮಗಾ. ಶಾಲೆಯಲ್ಲಿ ನೀನು ಇಷ್ಟು ಗಟ್ಟಿಯಾಗಿ ಮಗ್ಗಿ ಹೇಳಿದ್ದಿಲ್ಲ. ಈಗ ನಂದು ಕೇಳು. ನೀನು ಹುಟ್ಟುವ ಮುಂಚೆ ಇಲ್ಲಿ ಎಲ್ಲರೂ ಬಾಯಿಬಿಟ್ಟೇ ಹೇಳ್ತಿದ್ರು. ಒಬ್ಬಳು ಒಂದು ಸಂಜೆ, ಗಂಡ ಹೊಡೀತಾನೆ, ಅವನ ಮನಸ್ಸು ತಿರುಗ್ಲಿಕ್ಕೆ ಪ್ರಾರ್ಥಿಸಿ ಅಂದಳು. ಮರುದಿನ ಹೆಂಗಸರು ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಅದೇ ಸುದ್ದಿ. ಗಂಡನ ಕಿವಿಗೂ ಹೋಯ್ತು. ಅವಳು ಮತ್ತೆ ಕೂಟಕ್ಕೆ ಬರ್ಲಿಲ್ಲ. ಆಮೇಲೆ ನಾನೇ ಹೇಳಿದೆ, ಹೇಳುವುದು ಬೇಡ, ದೇವರಿಗೆ ಗೊತ್ತುಂಟು ಅಂದ್ರೆ ಸಾಕು ಅಂತ. ಅದು ಬೇಲಿ ಮಗಾ. ಬಡಪಾಯಿಗಳಿಗೆ ನಾನು ಕಟ್ಟಿದ ಬೇಲಿ."

ಇದು ನನಗೆ ಗೊತ್ತಿರಲಿಲ್ಲ. ಎದುರಾಳಿಯ ವಾದದಲ್ಲಿ ಕರುಣೆ ಇದ್ದಾಗ ಅದನ್ನು ಖಂಡಿಸುವುದು ಕಷ್ಟ. ಆದರೂ ಹೇಳಿದೆ: "ಹಾಗಾದ್ರೆ ಬೀಡಿ ಬ್ರಾಂಚಿನ ಬಾಯಿ ಮುಚ್ಚಿಸ್ಬೇಕಿತ್ತು ಮಾಸ್ಟ್ರೇ. ಮುಚ್ಚಿದ್ದು ಅವಳ ಬಾಯಿ."

ಅವರು ಬೀಜ ಹರವುವುದನ್ನು ನಿಲ್ಲಿಸಿದರು. "ವಾದದಲ್ಲಿ ನೀನು ಗೆದ್ದೆ ಅಂತಲೇ ಇಡುವ. ಆದರೆ ಬಾಯಿಬಿಟ್ಟವರನ್ನು ನಾಳೆ ಯಾರು ಕಾಯುವುದು? ನೀನಾ?"

"ಕಾಯ್ತೇನೆ."

"ಕೆಲಸ ಸಿಕ್ಕಿದ ಕೂಡ್ಲೇ ಹೋಗುವವಳು ನೀನು," ಎಂದರು. ನಂತರ ಸ್ವಲ್ಪ ಮೆತ್ತಗೆ, "ನಿಮ್ಮ ಮನೆಯ ಕೂಟದ ದಿನ ಬೇಕಾದ್ರೆ ನೀನೇ ಶುರು ಮಾಡು. ಮನೆಯವರಿಗೆ ಆ ಹಕ್ಕುಂಟು. ಯಾರನ್ನೂ ಒತ್ತಾಯ ಮಾಡ್ಲಿಕ್ಕಿಲ್ಲ."

ನಮ್ಮ ಮನೆಯ ಸರದಿ ಗರಿಗಳ ಭಾನುವಾರಕ್ಕೆ ಮುಂಚಿನ ಶುಕ್ರವಾರ ಬಂತು. ಎಲೆ ಅಲುಗದ ಸಂಜೆ. ಚಾರ್ಮಾಡಿ ಘಾಟಿಯ ದಿಕ್ಕಿನಲ್ಲಿ ಮೋಡ ಕಟ್ಟಿ ಹಾಗೆಯೇ ನಿಂತಿತ್ತು. ಒಳಗೆ ಜನ ಬೀಸಣಿಗೆಯಂತೆ ಕೀರ್ತನೆ ಪುಸ್ತಕಗಳನ್ನೇ ಬೀಸಿಕೊಳ್ಳುತ್ತಿದ್ದರು. ಸುಗಂಧಿಯಕ್ಕ ಗೋಡೆಗೆ ಒರಗಿ ಕುಳಿತಿದ್ದರು. 'ರೋಗಿ'ಗೆಂದು ಅಮ್ಮ ಬೆನ್ನಿಗೆ ದಿಂಬು ಕೊಟ್ಟಿದ್ದರು. ಪಕ್ಕದಲ್ಲಿ ವಿಕ್ಟರಣ್ಣ. ಮಾಸ್ಟ್ರು ಕನ್ನಡಕ ತೆಗೆದು ನನ್ನತ್ತ ನೋಡಿದರು.

ಎದ್ದು ನಿಂತೆ. ವಾದಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಬೇರೆಯವರಿಗೆ ಬಾಯಿ ಬಿಡಿ ಎನ್ನುವ ಮೊದಲು ನಾನು ಬಿಡಬೇಕಿತ್ತು.

"ಇವತ್ತು ನನಗಾಗಿ ಪ್ರಾರ್ಥಿಸಬೇಕು," ಎಂದೆ. "ಕೆಲಸಕ್ಕಲ್ಲ. ನನಗೊಬ್ಬ ಸ್ನೇಹಿತೆ ಬೇಕು. ಕಾಲೇಜು ಬಿಟ್ಟು ಬಂದ ಮೇಲೆ ಮಾತಾಡ್ಲಿಕ್ಕೆ ಯಾರೂ ಇಲ್ಲ. ಎಲ್ಲರೂ ನಾನು ಭಾಷಣ ಮಾಡ್ತೇನೆ ಅಂತ ದೂರ ಕೂತ್ಕೊಳ್ತಾರೆ. ನನಗೆ ಬೇಜಾರಾಗ್ತದೆ."

ಯಾರೋ ಮೂಗಿನಲ್ಲಿ ನಕ್ಕರು. ಅಮ್ಮ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದರು. ನನ್ನ ಸುಧಾರಣೆ ಅಲ್ಲಿಗೇ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಬಾಗಿಲ ಬಳಿಯಿಂದ ನೆರೆಮನೆಯ ಆಲ್ಬರ್ಟಣ್ಣ ಕೆಮ್ಮಿದರು. "ನನಗೆ ಕುಡಿಯುವುದು ಬಿಡ್ಲಿಕ್ಕೆ ಬಲ ಬೇಕು ಮಾಸ್ಟ್ರೇ. ಬಿಟ್ಟೆ ಅಂತ ಹೇಳಿದಾಗ ನಂಬ್ಲಿಕ್ಕೆ ಇವಳಿಗೂ ಬಲ ಬೇಕು."

"ನೀವು ಮೊದ್ಲು ಬಿಡಿ," ಎಂದಳು ಅವರ ಹೆಂಡತಿ, ಎಲ್ಲರೂ ನಕ್ಕರು. ಆ ನಗೆಯಲ್ಲಿ ವಿಷವಿರಲಿಲ್ಲ. ಬಿಗಿದಿದ್ದ ಕೋಣೆ ಸ್ವಲ್ಪ ಸಡಿಲವಾಯಿತು. ಅಮ್ಮ ನೆಲ ನೋಡುತ್ತ, "ನನಗೆ ನಿದ್ದೆ ಬರುವುದಿಲ್ಲ. ಇವಳ ಅಪ್ಪ ಹೋದ ಮೇಲೆ ಸರಿಯಾಗಿ ನಿದ್ದೆ ಮಾಡಿಲ್ಲ," ಎಂದರು. ಅದು ನನಗೂ ಗೊತ್ತಿರದ ಸಂಗತಿ. ಒಂದೇ ಮಾಡಿನ ಕೆಳಗಿದ್ದು ನಾನು ಅವರನ್ನು ಒಮ್ಮೆಯೂ ಕೇಳಿರಲಿಲ್ಲ.

ನಾನು ಸುಗಂಧಿಯಕ್ಕನತ್ತ ನೋಡಿದೆ. ಅವರು ದಿಂಬಿನ ಅಂಚಿನ ಹೊಲಿಗೆಯನ್ನು ಉಗುರಿನಿಂದ ಸವರುತ್ತಿದ್ದರು. ಒತ್ತಾಯ ಮಾಡುವುದಿಲ್ಲ ಎಂದು ಮಾತಾಗಿತ್ತು. ಮಾಸ್ಟ್ರು ಕಣ್ಣು ಮುಚ್ಚಿದರು, ನಾವೂ ಮುಚ್ಚಿದೆವು. ಅವರು ನನ್ನ ಒಂಟಿತನವನ್ನು, ಆಲ್ಬರ್ಟಣ್ಣನ ಬಲವನ್ನು, ಅಮ್ಮನ ನಿದ್ದೆಯನ್ನು ಒಂದೊಂದಾಗಿ ಮೇಲೆತ್ತಿದರು. ಬಳಿಕ ಧ್ವನಿಯನ್ನು ತಗ್ಗಿಸಿ, "ಕಠಿಣ ವ್ಯಾಧಿಯಿಂದ ಬಳಲುತ್ತಿರುವ ನಿನ್ನ ದಾಸಿಯಾದ ಸುಗಂಧಿಯನ್ನು..." ಎಂದು ತೊಡಗಿದರು.

"ಮಾಸ್ಟ್ರೇ, ನಿಲ್ಸಿ."

ಪ್ರಾರ್ಥನೆಯ ನಡುವೆ ಮಾತು. ನಮ್ಮ ಸಭೆಯಲ್ಲಿ ಅದನ್ನು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಮಾಸ್ಟ್ರು ನಿಲ್ಲಿಸಿದರು. ಸುಗಂಧಿಯಕ್ಕನ ಧ್ವನಿ ಮತ್ತೆ ಬಂತು, ಈ ಸಲ ತುಳುವಿನಲ್ಲಿ: "ಎಂಕ್ ಸೀಕ್ ಇಜ್ಜಿ. ಎಂಕ್ ಮದಿಮೆ ಆವೊಡು." ನನಗೆ ರೋಗವಿಲ್ಲ. ನನಗೆ ಮದುವೆಯಾಗಬೇಕು.

ಒಂದು ಕಡೆ ಕಿಸಕ್ಕೆಂದು ನಗೆ ಹುಟ್ಟಿತು. ಆಲ್ಬರ್ಟಣ್ಣನ ಹೆಂಡತಿ "ಶ್ಶ್" ಎಂದು ಅದನ್ನು ಅಲ್ಲಿಯೇ ಅದುಮಿದಳು. ನಾನು ಕಣ್ಣು ತೆರೆದೆ. ಅಕ್ಕ ದಿಂಬನ್ನು ಪಕ್ಕಕ್ಕಿಟ್ಟು ನೆಟ್ಟಗೆ ಕುಳಿತಿದ್ದರು. ವಿಕ್ಟರಣ್ಣನ ಮುಖ ಕೆಂಪಾಗಿತ್ತು. ಮಾಸ್ಟ್ರ ಕಣ್ಣು ಮುಚ್ಚಿಯೇ ಇತ್ತು. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಮಾತು ಹುಡುಕಬೇಕಾಗಿ ಬಂದಿತ್ತು.

"ಕರ್ತನೇ," ಎಂದರು ಕೊನೆಗೆ, "ಇಷ್ಟು ದಿನ ನಾವು ಇವಳಿಗೆ ಬೇಡದ್ದನ್ನು ನಿನ್ನ ಹತ್ತಿರ ಬೇಡಿದೆವು. ಈಗ ಇವಳೇ ಹೇಳಿದ್ದನ್ನು ನೀನು ಕೇಳಿದ್ದೀ, ನಾವೂ ಕೇಳಿದ್ದೇವೆ. ನಾನು ಅದಕ್ಕೆ ಒಂದು ಮಾತೂ ಸೇರಿಸುವುದಿಲ್ಲ. ಆಮೆನ್."

ಅದು ಅವರ ಅತಿ ಚಿಕ್ಕ ಪ್ರಾರ್ಥನೆ. ಆ ಸಂಜೆ ಕಾಫಿ ಕುಡಿಯುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮಾಸ್ಟ್ರು ಹೆದರಿದ್ದೂ ನಡೆಯಿತು. ಮರುದಿನವೇ ಸುದ್ದಿ ಪೇಟೆಗೆ ಇಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ಹರಟುವ ಗಂಡಸರು ಅಂಗಡಿಯತ್ತ ನೋಡಿ, "ಮದುಮಗಳು ಬಂದಳು, ದಾರಿ ಬಿಡಿ" ಎಂದರು. ಬೀಡಿ ಬ್ರಾಂಚಿನಲ್ಲಿ ಒಬ್ಬಳು, "ನಾವೂ ಕೂಟಕ್ಕೆ ಹೋಗುವ, ಅಲ್ಲಿ ಗಂಡ ಸಿಗ್ತಾನಂತೆ" ಎಂದಳು. ಕಾಯುತ್ತೇನೆ ಎಂದು ಮಾತು ಕೊಟ್ಟವಳು ನಾನು. ಈಸ್ಟರಿನ ಹಿಂದಿನ ವಾರವಾದ ಕಷ್ಟವಾರದ ಪ್ರತಿಯೊಂದು ದಿನ ಬೆಳಿಗ್ಗೆ ಅವರ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತೆ. ಗುಂಡಿ ಹೊಲಿಯಲು ಕಲಿತೆ. ಹೊರಗಿನಿಂದ ಮಾತು ಬಂದಾಗ ಎದ್ದು ಹೋಗಿ, ಯಾರು ಹೇಳಿದ್ದು, ಇಲ್ಲಿ ಎದುರು ಬಂದು ಹೇಳಿ ಎಂದೆ. ಒಬ್ಬರೂ ಬರಲಿಲ್ಲ. "ಸಾಕು, ಕೂತ್ಕೋ," ಎಂದರು ಸುಗಂಧಿಯಕ್ಕ. "ದೇವರ ಎದುರೇ ಹೇಳಿ ಆಯ್ತು. ಇನ್ನು ಇವರ ಹತ್ರ ಎಂತ ನಾಚಿಕೆ?"

ಮೂಡಬಿದಿರೆಯಿಂದ ಡೇನಿಯಲ್ಲರ ಅಕ್ಕನ ಫೋನೂ ಬಂತು. ಹತ್ತು ಜನರ ಎದುರು ಮದುವೆ ಕೇಳುವ ಹೆಣ್ಣು ತಮ್ಮ ಮನೆಗೆ ಹೊಂದುವುದಿಲ್ಲ ಎಂದು. ಮೊದಲು ರೋಗದ ಕಾರಣಕ್ಕೆ ಬೇಡವೆಂದವರು ಈಗ ರೋಗವಿಲ್ಲದ ಕಾರಣಕ್ಕೆ ಬೇಡವೆಂದರು. ಅದನ್ನು ಕೇಳಿ ನಾನು ಕುಸಿದೆ. ನನ್ನ ಸುಧಾರಣೆಗೆ ಬೇರೆಯವರ ಬದುಕಿನಲ್ಲಿ ಬೆಲೆ ತೆರುವಂತಾಯಿತಲ್ಲ ಎಂದು ಹೇಳಿದಾಗ ಅಕ್ಕ ನೂಲು ಕಡಿಯುತ್ತ, "ನೀನು ಹೇಳಿಸಿದ್ದಲ್ಲ, ನಾನು ಹೇಳಿದ್ದು. ಈ ಗುರುವಾರವೂ ಅದನ್ನೇ ಹೇಳ್ತೇನೆ," ಎಂದರು. ಹೇಳಿದರು ಕೂಡ. ಪವಿತ್ರ ಗುರುವಾರದ ಕೂಟದಲ್ಲಿ ಮಾಸ್ಟ್ರು ವಿಷಯ ಕೇಳಿದಾಗ, "ನಂದು ಅದೇ ವಿಷಯ" ಎಂದರು. ಆ ದಿನ ಯಾರೂ ನಗಲಿಲ್ಲ.

ಆಗ ನಾವ್ಯಾರೂ ಎಣಿಸದ ಕಡೆಯಿಂದ ಒಂದು ಸಂಗತಿ ನಡೆಯಿತು. ಎಷ್ಟೋ ವರ್ಷಗಳಿಂದ ಸಂಬಂಧ ಕೇಳಿ ಬಂದವರಿಗೆಲ್ಲ ವಿಕ್ಟರಣ್ಣ ಹೇಳುತ್ತಿದ್ದ ಮಾತು ಒಂದೇ: "ತಂಗಿಗೆ ಮದುವೆಯಲ್ಲಿ ಮನಸ್ಸಿಲ್ಲ." ಅದು ಅವರ ಮಟ್ಟಿಗೆ ಸುಳ್ಳೂ ಆಗಿರಲಿಲ್ಲ, ತಂಗಿಯನ್ನು ಕೇಳದೆ ಇದ್ದುದರಿಂದ ನಂಬುವುದು ಸುಲಭವಾಗಿತ್ತು. ಈಗ ಇಡೀ ಸಭೆ ಸುಗಂಧಿಯಕ್ಕನ ಬಾಯಿಂದಲೇ ಕೇಳಿಸಿಕೊಂಡ ಮೇಲೆ ಆ ಮಾತನ್ನು ಇನ್ನು ಯಾರೆದುರೂ ಆಡುವಂತಿರಲಿಲ್ಲ. ಶುಭ ಶುಕ್ರವಾರದ ಆರಾಧನೆ ಮುಗಿದ ಮೇಲೆ ಮಾಸ್ಟ್ರು ಅವರನ್ನು ಅಂಗಳದಲ್ಲಿ ನಿಲ್ಲಿಸಿದರು. "ವಿಕ್ಟರಾ, ನಾವು ಇಲ್ಲಿ ಪ್ರಾರ್ಥನೆ ಮಾಡಿ ಮನೆಗೆ ಹೋಗಿ ಮಲಗುವುದಾ? ಮೂಡಬಿದಿರೆಗೆ ಬಸ್ಸುಂಟಲ್ಲ?"

ವಿಕ್ಟರಣ್ಣ ಶನಿವಾರ ಹೋದರು. ಡೇನಿಯಲ್ಲರ ಅಕ್ಕನ ಮನೆಗೆ ಹೋಗದೆ ನೇರವಾಗಿ ಗ್ಯಾರೇಜಿಗೆ ಹೋದರು. ಏಣಿಯ ಮೇಲೆ ನಿಂತು ಬಸ್ಸಿನ ಹಣೆಗೆ ಹೆಸರು ಬರೆಯುತ್ತಿದ್ದ ಆ ಮನುಷ್ಯ ಎಲ್ಲವನ್ನೂ ಕೇಳಿಸಿಕೊಂಡು, ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟು, ಕೆಳಗಿಳಿದು ಬಂದು ಹೇಳಿದರಂತೆ: "ನಾನೂ ಅದನ್ನೇ ಕೇಳ್ತಾ ಇದ್ದೆ. ಜೋರಾಗಿ ಕೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ, ಅಷ್ಟೇ."

ಈಸ್ಟರ್ ಬೆಳಿಗ್ಗೆ ಘಾಟಿಯ ಮೋಡ ಕೊನೆಗೂ ಒಡೆದು ಒಂದು ಮಳೆ ಬಂತು. ಮುಂದಿನ ಮೂರು ಭಾನುವಾರ ಸಭೆಯಲ್ಲಿ ಅವರಿಬ್ಬರ ಮದುವೆಯ ಪ್ರಕಟಣೆ ಓದಿದರು. ಆಕ್ಷೇಪವಿದ್ದವರು ತಿಳಿಸಬಹುದು ಎಂದು ಮೂರು ಸಲವೂ ಕ್ರಮದಂತೆ ಕೇಳಿದರು. ಮೂರು ಸಲವೂ ನಾನು ಹಿಂದೆ ತಿರುಗಿ ಎಲ್ಲರ ಮುಖಗಳನ್ನು ನೋಡಿದೆ. ಆಲ್ಬರ್ಟಣ್ಣ ಮದುವೆಯ ದಿನ ಕುಡಿದಿದ್ದರು. ಆದರೂ ಮುಂದಿನ ಕೂಟದಲ್ಲಿ ಅದೇ ಬಲವನ್ನು ಮತ್ತೆ ಕೇಳಿದರು. ಸುಗಂಧಿಯಕ್ಕನ ಅಂಗಡಿಯ ಬೋರ್ಡು, ಈಗ ಮೂಡಬಿದಿರೆಯಲ್ಲಿ, ಯಾವ ಬಸ್ಸಿನ ಹಣೆಗೂ ಕಡಿಮೆಯಿಲ್ಲದ ಬಣ್ಣದಲ್ಲಿದೆ. ನನ್ನ ಬೇಡಿಕೆಯ ಗತಿ ಏನಾಯಿತೆಂದು ಕೇಳುವವರಿಗೆ ಹೇಳುತ್ತೇನೆ: ಇಂದಿಗೂ ಭಾನುವಾರ ಸಂಜೆ ನನ್ನ ಫೋನ್ ರಿಂಗಾದರೆ, ಎತ್ತುವ ಮೊದಲೇ ಅದು ಮೂಡಬಿದಿರೆಯಿಂದ ಎಂದು ಗೊತ್ತಿರುತ್ತದೆ.

ದೇವರು ಆ ಬೇಡಿಕೆಗಳಿಗೆ ಹೇಗೆ ಓಗೊಟ್ಟರೆಂದು ವಿವರಿಸಲು ನಾನು ಶಕ್ತಳಲ್ಲ. ನಾನು ಕಂಡದ್ದನ್ನು ಮಾತ್ರ ಹೇಳಬಲ್ಲೆ. ಬಾಯಿಬಿಟ್ಟು ಮಾಡಿದ ಪ್ರಾರ್ಥನೆ ಮೇಲಕ್ಕೆ ಏರುವ ಮುನ್ನ ಕೋಣೆಯಲ್ಲಿ ಒಂದು ಸುತ್ತು ಬರುತ್ತದೆ. ಕೇಳಿಸಿಕೊಂಡ ಪ್ರತಿಯೊಬ್ಬರನ್ನೂ ಅದು ಹೊಣೆಗಾರರನ್ನಾಗಿ ಮಾಡುತ್ತದೆ. ತನಗಾಗಿ ಬೇಡುವುದನ್ನು ಸಣ್ಣತನವೆನ್ನುವವರ ಎದುರು ನಾನು ಈಗಲೂ, ಎಲ್ಲಿ ಬೇಕಾದರೂ, ವಾದಕ್ಕೆ ನಿಲ್ಲುತ್ತೇನೆ.

ಈ ಮಾರ್ಚಿನ ಆ ಬಸ್ಸಿನಲ್ಲಿ ನಾನು ಹೋಗುತ್ತಿದ್ದದ್ದು ಸಾಮುವೇಲ್ ಮಾಸ್ಟ್ರ ಮನೆಯ ಕೂಟಕ್ಕೆ. ಮಾಸ್ಟ್ರು ಬಹಳ ಇಳಿದುಹೋಗಿದ್ದರು. ಮಂಗಳೂರಿನಲ್ಲಿ ಅವರಿಗೆ ಏನೋ ಆಪರೇಷನ್ ಆಗಲಿದೆ ಎಂದು ಮಾತ್ರ ಎಲ್ಲರಿಗೂ ತಿಳಿದಿತ್ತು. ಮೂಡಬಿದಿರೆಯಿಂದ ಸುಗಂಧಿಯಕ್ಕ ಮತ್ತು ಡೇನಿಯಲ್ ಬಂದಿದ್ದರು. ಕೀರ್ತನೆಯಾಯಿತು, ವಾಕ್ಯವಾಯಿತು. ಎಲ್ಲರೂ ತಮ್ಮ ತಮ್ಮ ಬೇಡಿಕೆ ಹೇಳಿದರು, ಈಗ ಅದು ಅಲ್ಲಿ ಯಾರಿಗೂ ವಿಶೇಷವಲ್ಲ. ಕೊನೆಗೆ ಮಾಸ್ಟ್ರು ಕನ್ನಡಕವನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಂದೂ ಒಂದು ವಿಷಯ ಉಂಟು," ಎಂದರು. "ದೇವರಿಗೆ ಗೊತ್ತುಂಟು."

"ದೇವರಿಗೆ ಗೊತ್ತುಂಟು ಮಾಸ್ಟ್ರೇ," ಎಂದರು ಸುಗಂಧಿಯಕ್ಕ. "ನಮಗೆ ಹೇಳಿ."

ಅವರು ನಮ್ಮನ್ನೆಲ್ಲ ಒಮ್ಮೆ ನೋಡಿದರು. ಅಷ್ಟು ವರ್ಷ ನಮ್ಮೆಲ್ಲರ ಪರವಾಗಿ ತಡವರಿಸದೆ ಬೇಡಿದ ಆ ಬಾಯಿ ತನ್ನ ಒಂದು ಮಾತಿಗೆ ತಡವರಿಸಿತು.

"ನನಗೆ ಹೆದರಿಕೆ ಆಗ್ತದೆ," ಎಂದರು. "ಆ ಹೆದರಿಕೆ ಹೋಗ್ಬೇಕು."

ಸುಗಂಧಿಯಕ್ಕ ಮುಂದಕ್ಕೆ ಸರಿದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಾಸ್ಟ್ರ ಕೈಯನ್ನು ಹಿಡಿದುಕೊಂಡರು.

"ಎಲ್ಲರೂ ಕಣ್ಣು ಮುಚ್ಚುವ," ಎಂದರು.